ಬ್ರೂನೊ ಗಾಂಟ್ಸ್ ಕೇಳಿಸಿಕೊಳ್ಳುತ್ತಿದ್ದಾರೆ

ಆ ವಿಡಿಯೊ ನೀವೂ ನೋಡಿರುತ್ತೀರಿ. ನೆಲದಡಿಯ ಇಕ್ಕಟ್ಟಾದ ಕೋಣೆ, ಮೇಜಿನ ಮೇಲೆ ಹರಡಿದ ನಕ್ಷೆ, ಸುತ್ತ ನಿಂತ ಮಿಲಿಟರಿ ಅಧಿಕಾರಿಗಳು. ನಡುವೆ ಕೂತ ಹಿಟ್ಲರ್ ಕನ್ನಡಕ ತೆಗೆದು ಕೂಗಾಡುತ್ತಾನೆ. ಮಾತು ಜರ್ಮನ್. ಕೆಳಗೆ ಓಡುವ ಅಕ್ಷರ ಮಾತ್ರ ಬೇರೇನೋ ಹೇಳುತ್ತದೆ: ಮ್ಯಾಚ್ ಸೋತದ್ದು, ಪರೀಕ್ಷೆ ಮುಂದೆ ಹೋದದ್ದು, ನೆಟ್‌ವರ್ಕ್ ಸಿಗದಿರುವುದು. ನಮ್ಮ ಆಫೀಸಿನ ವಾಟ್ಸಾಪ್ ಗುಂಪಿಗೆ ಬಂದ ಒಂದರಲ್ಲಿ ಇನ್‌ಕ್ರಿಮೆಂಟ್ ಕಡಿಮೆಯಾಯಿತು ಅಂತ ಅವನು ಕಿರುಚುತ್ತಿದ್ದ. ನಾನೂ ಬಿದ್ದು ಬಿದ್ದು ನಕ್ಕೆ. ಇನ್ನೂ ನಾಲ್ಕು ಗುಂಪಿಗೆ ಕಳಿಸಿದೆ.

ಆ ನಟ ಯಾರು ಅಂತ ತಿಳಿದುಕೊಳ್ಳಬೇಕು ಅನಿಸಲೇ ಇಲ್ಲ. ಸುಮ್ನೆ ಹಿಟ್ಲರ್ ಅಂದುಕೊಂಡೆ, ಅಷ್ಟೆ.

ಅದಾಗಿ ಒಂದೆರಡು ವರ್ಷದ ಮೇಲೆ, ನಿದ್ದೆ ಬಾರದ ಒಂದು ರಾತ್ರಿ, ಲ್ಯಾಪ್‌ಟಾಪಿನಲ್ಲಿ ಒಂದು ಹಳೆಯ ಜರ್ಮನ್ ಸಿನಿಮಾ ಹಾಕಿದೆ. ಹೆಚ್ಚಿನಂಶ ಕಪ್ಪು ಬಿಳುಪು. ಉದ್ದ ಕೋಟು ಹಾಕಿ, ಹಿಂದೆ ಚಿಕ್ಕ ಜುಟ್ಟು ಕಟ್ಟಿಕೊಂಡ ಒಬ್ಬ ದೇವದೂತ ಬರ್ಲಿನ್ ನಗರದಲ್ಲಿ ಅಡ್ಡಾಡುತ್ತಿರುತ್ತಾನೆ. ಯಾರಿಗೂ ಕಾಣುವುದಿಲ್ಲ. ಜನರ ಪಕ್ಕ ನಿಲ್ಲುತ್ತಾನೆ, ಅವರು ಮನಸ್ಸಿನಲ್ಲಿ ಅಂದುಕೊಳ್ಳುವುದನ್ನೆಲ್ಲ ಕೇಳಿಸಿಕೊಳ್ಳುತ್ತಾನೆ. ಅಷ್ಟೇ ಅವನ ಕೆಲಸ. ಮುಕ್ಕಾಲು ಗಂಟೆ ಆದಮೇಲೆ ಎಲ್ಲೋ ನೋಡಿದ ಮುಖ ಅಲ್ವಾ ಅನಿಸಿತು. ನಿಲ್ಲಿಸಿ ಹುಡುಕಿದೆ. ಅದೇ ಮನುಷ್ಯ. ಇನ್‌ಕ್ರಿಮೆಂಟಿಗೆ ಕಿರುಚಿದವರು.

ಆ ರಾತ್ರಿಯಿಂದ ಬ್ರೂನೊ ಗಾಂಟ್ಸ್ ನನಗೆ ಒಂಥರಾ ಗೀಳು. ಹೆಸರಿನ ಉಚ್ಚಾರ ಗಾಂಜ್ ಅಲ್ಲ, ಗಾಂಟ್ಸ್. ಜರ್ಮನ್‌ನಲ್ಲಿ ಆ ಪದಕ್ಕೆ 'ಪೂರ್ತಿ', 'ಇಡೀ' ಅನ್ನುವ ಅರ್ಥ. ಪೂರ್ತಿ ಅಂತಲೇ ಹೆಸರಿರುವ ಮನುಷ್ಯ ಲೋಕಕ್ಕೆಲ್ಲ ನಾಲ್ಕು ನಿಮಿಷದ ತುಂಡಾಗಿ ಗೊತ್ತು!

ಚಿಕ್ಕಂದಿನಲ್ಲಿ ನಮ್ಮಜ್ಜಿ ಕತೆ ಹೇಳುವಾಗ ಒಂದು ಕರಾರು ಇತ್ತು. ನಾವು ಹೂಂಗುಟ್ಟಬೇಕು. ಎರಡು ವಾಕ್ಯಕ್ಕೊಂದು ಹೂಂ ಬೀಳದಿದ್ದರೆ ಕತೆ ಅಲ್ಲೇ ನಿಂತುಬಿಡುತ್ತಿತ್ತು. ಕತೆ ಹೇಳುವವರು ಅರ್ಧ, ಹೂಂಗುಟ್ಟುವವರು ಅರ್ಧ ಅಂತ ಅಜ್ಜಿಯ ಲೆಕ್ಕ. ಗಾಂಟ್ಸ್ ಅವರ ಸಿನಿಮಾಗಳನ್ನು ಒಂದಾದ ಮೇಲೊಂದು ನೋಡುತ್ತಾ ಹೋದಾಗ ನನಗೆ ಅಜ್ಜಿಯ ಆ ಕರಾರೇ ನೆನಪಾಗುತ್ತಿತ್ತು. ಈ ಮನುಷ್ಯ ಮುಖದಲ್ಲೇ ಹೂಂಗುಟ್ಟುತ್ತಾರೆ. ಎದುರಿಗಿರುವವರು ಮಾತಾಡುವಾಗ ಅವರ ಕಣ್ಣಿನ ಸುತ್ತ, ಬಾಯಿಯ ಅಂಚಿನಲ್ಲಿ ಏನೋ ಒಂದು ಸಣ್ಣದಾಗಿ ನಡೆಯುತ್ತಿರುತ್ತದೆ. ನಾವು ಮಾತಾಡುವವರನ್ನು ಬಿಟ್ಟು ಇವರನ್ನೇ ನೋಡುತ್ತಾ ಕೂರುತ್ತೇವೆ.

1941ರ ಮಾರ್ಚ್ 22ರಂದು ಜ್ಯೂರಿಕ್‌ನಲ್ಲಿ ಹುಟ್ಟಿದರು. ಅಪ್ಪ ಕಾರ್ಖಾನೆಯಲ್ಲಿ ಮೆಕ್ಯಾನಿಕ್, ಸ್ವಿಸ್ ಮನುಷ್ಯ. ಅಮ್ಮ ಉತ್ತರ ಇಟಲಿಯವರು. ಇಲ್ಲಿ ಭಾಷೆಯ ವಿಷಯ ಸ್ವಲ್ಪ ಹೇಳಬೇಕು. ಜ್ಯೂರಿಕ್‌ನ ಮನೆಗಳಲ್ಲಿ, ಬೀದಿಯಲ್ಲಿ ಆಡುವ ಜರ್ಮನ್‌ಗೂ ರಂಗದ ಮೇಲೆ, ಪುಸ್ತಕದಲ್ಲಿ ಇರುವ ಜರ್ಮನ್‌ಗೂ ತುಂಬಾ ದೂರ. ಸ್ವಿಸ್ ಮಕ್ಕಳು ಶಾಲೆಗೆ ಹೋಗಿ ಪುಸ್ತಕದ ಜರ್ಮನ್ ಕಲಿಯಬೇಕು. ಅಂದರೆ ಮುಂದೆ ಜರ್ಮನ್ ರಂಗಭೂಮಿಯ ದೊಡ್ಡ ನಟ ಅನಿಸಿಕೊಂಡವರಿಗೆ ರಂಗದ ಭಾಷೆ ಹುಟ್ಟಿನಿಂದ ಬಂದದ್ದಲ್ಲ, ಕಿವಿಯಿಂದ ಹೆಕ್ಕಿಕೊಂಡದ್ದು. ಇನ್ನೊಂದು ಕಡೆ ಅಮ್ಮನ ಇಟಾಲಿಯನ್. ಅವರ ಕಿವಿ ಅಷ್ಟು ಚುರುಕಾಗಿದ್ದದ್ದಕ್ಕೆ ಇದೂ ಒಂದು ಕಾರಣ ಇರಬಹುದು ಅಂತ ನನ್ನ ಊಹೆ.

ಓದು ಮುಗಿಸಲಿಲ್ಲ. ಪುಸ್ತಕದಂಗಡಿಯಲ್ಲಿ ಕೆಲಸ ಮಾಡಿದರು. ನಾಟಕದ ಹುಚ್ಚು ಹಿಡಿಸಿದ್ದು ಜ್ಯೂರಿಕ್‌ನ ದೊಡ್ಡ ನಾಟಕಶಾಲೆಯಲ್ಲಿ ಲೈಟ್ ಕೆಲಸ ಮಾಡುತ್ತಿದ್ದ ಒಬ್ಬ ಗೆಳೆಯ. ಅವನ ದೆಸೆಯಿಂದ ಇವರಿಗೆ ಒಳಗೆ ನಾಟಕ ನೋಡಲು ಸಿಗುತ್ತಿತ್ತು. 1960ರ ದಶಕದ ಶುರುವಿನಲ್ಲಿ ಜರ್ಮನಿಗೆ ಹೋದರು. ಮೊದಲು ಗಾಟಿಂಗೆನ್, ಆಮೇಲೆ ಬ್ರೆಮೆನ್.

ಬ್ರೆಮೆನ್ ಆಗ ಸಣ್ಣ ಊರಿನ ದೊಡ್ಡ ರಂಗ. ಕುರ್ಟ್ ಹ್ಯೂಬ್ನರ್ ಅನ್ನುವವರು ಅಲ್ಲಿನ ಮುಖ್ಯಸ್ಥರು. ಪೀಟರ್ ಝಾಡೆಕ್, ಪೀಟರ್ ಸ್ಟೈನ್ ತರಹದ ನಿರ್ದೇಶಕರನ್ನೆಲ್ಲ ಅಲ್ಲಿ ಸೇರಿಸಿಕೊಂಡಿದ್ದರು. ಯುದ್ಧ ಮುಗಿದು ಇಪ್ಪತ್ತು ವರ್ಷ. ಹಳೆಯ ನಟರು ಇನ್ನೂ ಷಿಲ್ಲರ್, ಗಯಟೆಯನ್ನು ಎದೆಯುಬ್ಬಿಸಿ ಗುಡುಗುತ್ತಿದ್ದರು. ಹೊಸಬರಿಗೆ ಆ ಗುಡುಗು ಕೇಳಿದರೇ ಅಲರ್ಜಿ. ಅಂಥ ಗುಡುಗಿನ ಹಿಂದೆ ಏನೇನು ನಡೆದುಹೋಗಿತ್ತು ಅಂತ ಅವರಿಗೆ ಗೊತ್ತಿತ್ತು. 1966ರಲ್ಲಿ ಝಾಡೆಕ್ ಮಾಡಿಸಿದ ಷಿಲ್ಲರ್‌ನ 'ದರೋಡೆಕೋರರು' ನಾಟಕದಲ್ಲಿ ಹಿನ್ನೆಲೆಗೆ ಕಾಮಿಕ್ ಪುಸ್ತಕದ ಹಾಗೆ ಬಿಡಿಸಿದ ದೊಡ್ಡ ಚಿತ್ರ ಇತ್ತು. ಗಾಂಟ್ಸ್ ಅದರಲ್ಲಿ ಕೇಡಿ ತಮ್ಮ ಫ್ರಾಂಟ್ಸ್ ಮೂರ್. ಈ ಪಾತ್ರವನ್ನು ನೆನಪಿಟ್ಟುಕೊಳ್ಳಿ, ಮುಂದೆ ಒಂದು ಉಂಗುರದ ಕತೆ ಬರುತ್ತದೆ. 1969ರಲ್ಲಿ ಸ್ಟೈನ್ ಮಾಡಿಸಿದ ಗಯಟೆಯ 'ಟಾಸ್ಸೊ'. ಅರಮನೆಯ ಹಂಗಿನಲ್ಲಿ ಬದುಕುವ ಕವಿಯ ಪಾತ್ರ. ಅದರಿಂದ ಇಡೀ ಜರ್ಮನಿ ಇವರ ಕಡೆ ತಿರುಗಿ ನೋಡಿತು.

ಮರುವರ್ಷ ಆ ಗುಂಪು ಗಂಟುಮೂಟೆ ಕಟ್ಟಿಕೊಂಡು ಪಶ್ಚಿಮ ಬರ್ಲಿನ್‌ಗೆ ಬಂತು. ಕ್ರಾಯ್ಟ್ಸ್‌ಬರ್ಗ್ ಬಡಾವಣೆ, ಕಾಲುವೆ ದಂಡೆಯ ಕಟ್ಟಡ, ಹೆಸರು ಶೌಬ್ಯೂನೆ. ಇದು ನಾಟಕ ಕಂಪನಿಯೂ ಹೌದು, ಪಂಚಾಯತಿ ಕಟ್ಟೆಯೂ ಹೌದು. ಯಾವ ನಾಟಕ ಆಡಬೇಕು, ಯಾರಿಗೆ ಯಾವ ಪಾತ್ರ ಅನ್ನುವುದನ್ನೆಲ್ಲ ಸಭೆ ಕೂತು ತೀರ್ಮಾನಿಸಬೇಕು. ನಟರಿಗಷ್ಟೇ ಅಲ್ಲ, ತೆರೆಯ ಹಿಂದೆ ದುಡಿಯುವವರಿಗೂ ಮಾತಿಗೆ ಹಕ್ಕು. ಸಭೆಯ ನಡಾವಳಿ ಬರೆದಿಡುತ್ತಿದ್ದರು. ಓದು, ಚರ್ಚೆ, ಮತ್ತೆ ಓದು. ನಮ್ಮ ಅಪಾರ್ಟ್‌ಮೆಂಟಿನ ಸಂಘದ ಸಭೆಗೆ ಹೋಗಿ ಬಂದವನಾಗಿ ಹೇಳುತ್ತೇನೆ, ಇದನ್ನು ವರ್ಷಗಟ್ಟಲೆ ಮಾಡಿದವರಿಗೆ ಕೈ ಮುಗಿಯಬೇಕು.

1971ರಲ್ಲಿ ಇಬ್ಸನ್‌ನ 'ಪೀರ್ ಗಿಂಟ್' ಅನ್ನು ಎರಡು ಸಂಜೆಗೆ ಹಂಚಿ ಆಡಿದರು. ಒಬ್ಬನೇ ನಾಯಕ, ಅವನ ಇಡೀ ಆಯಸ್ಸಿನ ಕತೆ. ಅವನ ಪಾತ್ರವನ್ನು ಆಡಿದ್ದು ಆರು ಜನ ನಟರು. ಅವರಲ್ಲಿ ಗಾಂಟ್ಸ್ ಒಬ್ಬರು. ಯೋಚಿಸಿ ನೋಡಿ. ಮೂವತ್ತು ವರ್ಷದ ನಟ, ಆಗಲೇ ಹೆಸರು ಮಾಡಿದವರು, ಮುಖ್ಯ ಪಾತ್ರದ ಆರರಲ್ಲೊಂದು ಪಾಲು ತಗೊಂಡು ಖುಷಿಯಾಗಿದ್ದರು. ನಮ್ಮ ಕಡೆ ಹೀರೊನ ಎಂಟ್ರಿ ಎರಡು ನಿಮಿಷ ತಡವಾದರೆ ಥಿಯೇಟರಿನ ಕುರ್ಚಿ ಹರಿದುಹೋಗುತ್ತದೆ. ಇನ್ನೊಬ್ಬ ನಟ ಕಟ್ಟಿದ ಮನುಷ್ಯನನ್ನು ತಾನು ಮುಂದುವರಿಸಬೇಕು, ಆಮೇಲೆ ಮತ್ತೊಬ್ಬನ ಕೈಗೆ ಬಿಟ್ಟುಕೊಡಬೇಕು. ಹಿಂದಿನವನ ನಡಿಗೆ, ದನಿ ನೋಡದೆ ಕೇಳದೆ ಇದಾಗುವ ಮಾತೇ ಅಲ್ಲ.

1972ರ ಸಾಲ್ಸ್‌ಬರ್ಗ್ ಉತ್ಸವದ ಗಲಾಟೆ ಹೇಳದೆ ಮುಂದೆ ಹೋಗಲಾರೆ. ಥಾಮಸ್ ಬರ್ನ್‌ಹಾರ್ಡ್ ಅನ್ನುವ ಆಸ್ಟ್ರಿಯಾದ ನಾಟಕಕಾರ, ಜಗಳಕ್ಕೆ ಹೆಸರಾದ ಮನುಷ್ಯ. ಅವನ ಹೊಸ ನಾಟಕದಲ್ಲಿ ಗಾಂಟ್ಸ್ ಒಬ್ಬ ಡಾಕ್ಟರ್. ಆ ಡಾಕ್ಟರಿಗೆ ಮುಗಿಯದ ಮಾತು. ಹೆಣ ಕೊಯ್ಯುವುದು ಹೇಗೆ ಅಂತ ಹಂತ ಹಂತವಾಗಿ ವಿವರಿಸುತ್ತಾ ಹೋಗುತ್ತಾನೆ. ನಾಟಕದ ಕೊನೆಯಲ್ಲಿ ಪೂರ್ತಿ ಕತ್ತಲೆ ಬೇಕು ಅಂತ ನಾಟಕಕಾರನ ಹಟ. ಪೂರ್ತಿ ಅಂದರೆ ಬಾಗಿಲ ಮೇಲಿನ ತುರ್ತು ದೀಪವೂ ಆರಬೇಕು, ಎರಡು ನಿಮಿಷ. ಅಗ್ನಿಶಾಮಕದವರು ಒಪ್ಪಲಿಲ್ಲ. ಮೊದಲ ಪ್ರದರ್ಶನದಲ್ಲಿ ದೀಪ ಆರಲೇ ಇಲ್ಲ. ಮುಂದಿನ ಪ್ರದರ್ಶನವೇ ಆಗಲಿಲ್ಲ. ಎರಡು ನಿಮಿಷದ ಕತ್ತಲೆ ತಡೆಯಲಾರದ ಸಮಾಜಕ್ಕೆ ನನ್ನ ನಾಟಕ ಬೇಕಾಗಿಲ್ಲ ಅನ್ನುವ ಅರ್ಥದ ತಂತಿಯನ್ನು ಬರ್ನ್‌ಹಾರ್ಡ್ ಕಳಿಸಿದ. ಇದರಲ್ಲಿ ನಾನು ಅಗ್ನಿಶಾಮಕದವರ ಕಡೆ. ಆದರೆ ಅಷ್ಟು ಮಾತಿನ ಪಾತ್ರವನ್ನು ಬಾಯಿಪಾಠ ಮಾಡಿ, ಒಂದೇ ಸಲ ಆಡಿ, ಬಣ್ಣ ಒರೆಸಿಕೊಂಡು ಮನೆಗೆ ಹೋದ ಗಾಂಟ್ಸ್ ಅವರನ್ನು ನೆನೆದರೆ ಅಯ್ಯೋ ಅನಿಸುತ್ತದೆ.

ಸಿನಿಮಾ ಜೋರಾಗಿ ಶುರುವಾದದ್ದು 1970ರ ದಶಕದ ನಡುವೆ. ಆ ಹೊತ್ತಿಗೆ ಜರ್ಮನಿಯಲ್ಲಿ ಹೊಸ ಅಲೆಯ ನಿರ್ದೇಶಕರು ಎದ್ದಿದ್ದರು. ಫ್ರೆಂಚ್ ನಿರ್ದೇಶಕ ಎರಿಕ್ ರೋಮರ್ 1976ರಲ್ಲಿ ಇವರನ್ನು ಕರೆದರು. ಮರುವರ್ಷ ವಿಮ್ ವೆಂಡರ್ಸ್ ಅವರ 'ದಿ ಅಮೆರಿಕನ್ ಫ್ರೆಂಡ್'. ಹ್ಯಾಂಬರ್ಗ್‌ನಲ್ಲಿ ಚಿತ್ರಗಳಿಗೆ ಚೌಕಟ್ಟು ಕಟ್ಟುವ ಒಬ್ಬ ಸಾಧು ಮನುಷ್ಯ, ರಕ್ತದ ಕ್ಯಾನ್ಸರ್, ಹೆಂಡತಿ ಮಗು. ಅವನನ್ನು ಪುಸಲಾಯಿಸಿ ಕೊಲೆ ಮಾಡಿಸುತ್ತಾರೆ. ಎದುರು ನಟ ಡೆನ್ನಿಸ್ ಹಾಪರ್. ಹಾಪರ್ ಫಿಲಿಪೀನ್ಸ್‌ನಲ್ಲಿ ಬೇರೊಂದು ದೊಡ್ಡ ಯುದ್ಧದ ಸಿನಿಮಾ ಮುಗಿಸಿ, ಅದರ ಅಮಲಿನಲ್ಲೇ ನೇರ ಬಂದವರು. ಕ್ಯಾಮೆರಾ ಮುಂದೆ ಮನಸ್ಸಿಗೆ ಬಂದದ್ದನ್ನು ಮಾಡುವ ಆಸಾಮಿ. ಗಾಂಟ್ಸ್ ಶೌಬ್ಯೂನೆಯಲ್ಲಿ ಪ್ರತಿ ಸಾಲನ್ನೂ ಕೂತು ಚರ್ಚಿಸಿ ಬಂದವರು. ಶುರುವಿನಲ್ಲೇ ಇಬ್ಬರೂ ಕೈ ಕೈ ಮಿಲಾಯಿಸಿದರು. ಮಾತಿಗೆ ಹೇಳುತ್ತಿಲ್ಲ, ನಿಜವಾಗಿಯೂ ಹೊಡೆದಾಡಿದರು. ಆಮೇಲೆ ಒಟ್ಟಿಗೆ ಕುಡಿಯಲು ಹೋಗಿ ಬೆಳಗಾಗುವಷ್ಟರಲ್ಲಿ ದೋಸ್ತಿಗಳಾಗಿ ವಾಪಸ್ ಬಂದರು. ಸಿನಿಮಾದಲ್ಲಿ ಇಬ್ಬರ ನಡುವಿನ ಸ್ನೇಹಕ್ಕೆ ಒಂದು ಜಬರ್ದಸ್ತು ಬಿಸಿ ಇದೆ. ಆ ಹೊಡೆದಾಟದ ಕಾವೇ ಇರಬೇಕು.

1978ರ 'ನೈಫ್ ಇನ್ ದಿ ಹೆಡ್' ಕಡಿಮೆ ಜನ ನೋಡಿರುವ ಸಿನಿಮಾ. ಒಬ್ಬ ವಿಜ್ಞಾನಿಯ ತಲೆಗೆ ಪೊಲೀಸರ ಗುಂಡು ಬೀಳುತ್ತದೆ. ಎಚ್ಚರವಾದಾಗ ಮಾತು ಹೋಗಿದೆ, ಕೈಕಾಲು ಹೇಳಿದ ಹಾಗೆ ಕೇಳುವುದಿಲ್ಲ, ಏನಾಯಿತು ಅನ್ನುವ ನೆನಪಿಲ್ಲ. ಸುತ್ತಲಿನವರಿಗೆ ಅವನು ಭಯೋತ್ಪಾದಕನೋ ಬಲಿಪಶುವೋ ಅಂತ ಜಗಳ. ಅವನು ಮಾತ್ರ ಮಗುವಿನಂತೆ ಪದ ಕಲಿಯುತ್ತಿದ್ದಾನೆ. ಒಂದೊಂದು ಪದ ಹೊರಬರುವಾಗಲೂ ಗಾಂಟ್ಸ್ ಮುಖದಲ್ಲಿ ಮೊದಲು ಒಂದು ಅನುಮಾನ, ಆಮೇಲೆ ತಾನೇ ಆಡಿದ್ದನ್ನು ತಾನೇ ಕೇಳಿಸಿಕೊಂಡ ಬೆರಗು. ನಮ್ಮ ದೊಡ್ಡಪ್ಪನಿಗೆ ಸ್ಟ್ರೋಕ್ ಆದಮೇಲೆ 'ನೀರು' ಅನ್ನಲು ಹೋಗಿ 'ಬಾಗಿಲು' ಅಂದುಬಿಡುತ್ತಿದ್ದರು. ಅಂದಾದ ಮೇಲೆ ಅವರ ಕಣ್ಣಲ್ಲಿ ಬರುತ್ತಿದ್ದ ಗಲಿಬಿಲಿಯನ್ನು ನಾನು ಇನ್ನೆಲ್ಲೂ ಕಂಡಿರಲಿಲ್ಲ. ಈ ಸಿನಿಮಾದಲ್ಲಿ ಕಂಡೆ. ಅವತ್ತು ಅರ್ಧಕ್ಕೇ ಎದ್ದು ಹೋದೆ, ಮಾರನೆಯ ದಿನ ಉಳಿದರ್ಧ ನೋಡಿದೆ.

ಇನ್ನು ಆ ದೇವದೂತ.

ಅದಕ್ಕೂ ಮುಂಚೆ ಒಂದು ಸಣ್ಣ ಸಂಗತಿ. 1982ರಲ್ಲಿ ಗಾಂಟ್ಸ್ ಮತ್ತು ಶೌಬ್ಯೂನೆಯ ಇನ್ನೊಬ್ಬ ನಟ ಓಟ್ಟೊ ಸಾಂಡರ್ ಸೇರಿ ತಾವೇ ಒಂದು ಸಾಕ್ಷ್ಯಚಿತ್ರ ಮಾಡಿದರು. ಇಬ್ಬರು ಮುದುಕ ನಟರ ಎದುರು ಕೂತು ಅವರ ನೆನಪುಗಳನ್ನು ಕೇಳುವುದು, ಅಷ್ಟೇ ಸಿನಿಮಾ. ಒಬ್ಬರು ಬೆರ್ನ್‌ಹಾರ್ಡ್ ಮಿನೆಟ್ಟಿ, ಇನ್ನೊಬ್ಬರು ಕುರ್ಟ್ ಬೋಯಿಸ್. ಬೋಯಿಸ್ ಯಹೂದಿ. ಬಾಲನಟನಾಗಿ ಶುರು ಮಾಡಿ, ಹಿಟ್ಲರ್ ಬಂದಮೇಲೆ ದೇಶ ಬಿಟ್ಟು, ಹಾಲಿವುಡ್ಡಿನಲ್ಲಿ ಚಿಲ್ಲರೆ ಪಾತ್ರಗಳನ್ನು ಮಾಡಿ, ಯುದ್ಧದ ನಂತರ ಬರ್ಲಿನ್‌ಗೆ ಮರಳಿದವರು. 'ಕಾಸಾಬ್ಲಾಂಕಾ' ನೋಡಿದ್ದರೆ, ಅದರಲ್ಲಿ ಎಚ್ಚರಿಕೆ ಹೇಳುತ್ತಲೇ ಜೇಬು ಕತ್ತರಿಸುವ ಕಳ್ಳ ಇದ್ದಾನಲ್ಲ, ಅವರೇ.

ಐದು ವರ್ಷದ ನಂತರ ಗಾಂಟ್ಸ್, ಸಾಂಡರ್, ಬೋಯಿಸ್ ಮೂವರೂ ವಿಮ್ ವೆಂಡರ್ಸ್ ಅವರ 'ವಿಂಗ್ಸ್ ಆಫ್ ಡಿಸೈರ್' ಸಿನಿಮಾದಲ್ಲಿ ಮತ್ತೆ ಸೇರಿದರು. ಗಾಂಟ್ಸ್, ಸಾಂಡರ್ ಇಬ್ಬರೂ ದೇವದೂತರು. ಬೋಯಿಸ್ ಒಬ್ಬ ಮುದಿ ಕತೆಗಾರ. ಬರ್ಲಿನ್ ಗೋಡೆಯ ಪಕ್ಕ ಪಾಳುಬಿದ್ದ ಬಯಲಿನಲ್ಲಿ, ಇಲ್ಲೇ ಅಲ್ವಾ ಪೋಟ್ಸ್‌ಡಾಮರ್ ಚೌಕ ಇದ್ದದ್ದು, ಎಲ್ಲಿ ಹೋಯಿತು ಅಂತ ತಡಕಾಡುತ್ತಾನೆ. ಪಕ್ಕದಲ್ಲಿ ದೇವದೂತ ಸಾಂಡರ್ ಕೇಳಿಸಿಕೊಳ್ಳುತ್ತಾ ಹೆಜ್ಜೆ ಹಾಕುತ್ತಾನೆ. ಸಾಕ್ಷ್ಯಚಿತ್ರದಲ್ಲಿ ಮಾಡಿದ ಕೆಲಸವನ್ನೇ ರೆಕ್ಕೆ ಕಟ್ಟಿಕೊಂಡು ಮುಂದುವರಿಸಿದ ಹಾಗಿದೆ.

ಆಗ ಗೋಡೆ ಇನ್ನೂ ನಿಂತಿತ್ತು. ಛಾಯಾಗ್ರಾಹಕ ಹೆನ್ರಿ ಅಲೆಕಾನ್ ಅವರಿಗೆ ಎಂಬತ್ತರ ಹತ್ತಿರ ವಯಸ್ಸು. ತಮ್ಮ ಅಜ್ಜಿಯ ರೇಷ್ಮೆ ಕಾಲುಚೀಲದ ಬಟ್ಟೆಯನ್ನು ಲೆನ್ಸಿಗೆ ಕಟ್ಟಿ ಆ ಮೆತ್ತನೆಯ ಕಪ್ಪು ಬಿಳುಪನ್ನು ತೆಗೆದರು. ದೇವದೂತರಿಗೆ ಬಣ್ಣ ಕಾಣುವುದಿಲ್ಲ. ರುಚಿ ಇಲ್ಲ, ಭಾರ ಇಲ್ಲ.

ಶುರುವಿನಲ್ಲಿ ಇಬ್ಬರು ದೇವದೂತರು ಕಾರಿನ ಶೋರೂಮಿನಲ್ಲಿ, ಒಂದು ಹೊಸ ಕಾರಿನ ಒಳಗೆ ಕೂತು ಆ ದಿನ ಕಂಡದ್ದನ್ನೆಲ್ಲ ಪುಸ್ತಕ ತೆಗೆದು ಒಬ್ಬರಿಗೊಬ್ಬರು ಓದಿ ಹೇಳುತ್ತಾರೆ. ಮಳೆಯಲ್ಲಿ ಹೋಗುತ್ತಿದ್ದ ಒಬ್ಬ ಹೆಂಗಸು ಛತ್ರಿ ಮಡಚಿಕೊಂಡು ಬೇಕಂತಲೇ ನೆನೆದಳು. ಇಂಥವೇ ಸಣ್ಣ ಸಣ್ಣ ಸುದ್ದಿ. ಗಾಂಟ್ಸ್ ಅದನ್ನು ಕೇಳಿ ನಗುವ ರೀತಿ ಇದೆಯಲ್ಲ, ಊರಿಂದ ಬಂದವರ ಹತ್ತಿರ ಮನೆ ಸುದ್ದಿ ಕೇಳುವವರ ನಗು ಅದು.

ಆಮೇಲೆ ಗ್ರಂಥಾಲಯ. ಬರ್ಲಿನ್‌ನ ರಾಜ್ಯ ಗ್ರಂಥಾಲಯದ ದೊಡ್ಡ ಹಜಾರ. ಓದುವವರ ಭುಜದ ಹಿಂದೆ ದೇವದೂತರು ನಿಂತಿದ್ದಾರೆ. ನೂರಾರು ಮನಸ್ಸಿನ ಗುಸುಗುಸು ಒಟ್ಟಿಗೆ ಸೇರಿ ಜೇನುಗೂಡಿನ ಹಾಗೆ ಕೇಳುತ್ತದೆ. ಗಾಂಟ್ಸ್ ಒಂದು ಮೇಜಿನ ಮೇಲಿದ್ದ ಪೆನ್ಸಿಲಿಗೆ ಕೈ ಹಾಕುತ್ತಾರೆ. ಪೆನ್ಸಿಲ್ ಅಲ್ಲೇ ಇದೆ, ಅದರ ನೆರಳಿನಂಥದ್ದೊಂದು ಮಾತ್ರ ಕೈಗೆ ಬರುತ್ತದೆ. ಬೆರಳ ನಡುವೆ ಅದನ್ನು ಹಿಡಿದು ನೋಡುತ್ತಾರೆ. ಆ ಒಂದು ನೋಟಕ್ಕೆ ನಾನು ಸಿನಿಮಾವನ್ನು ಮೂರು ಸಲ ಹಿಂದಕ್ಕೆ ಓಡಿಸಿದ್ದೇನೆ. ಒಂದು ಪೆನ್ಸಿಲಿನ ಭಾರ ಗೊತ್ತಾಗಬೇಕು ಅನ್ನುವ ಆಸೆ ಮುಖದಲ್ಲಿ ಹಾಗೆ ಮೂಡಿದ್ದನ್ನು ನಾನು ನೋಡಿಲ್ಲ.

ಕೊನೆಗೆ ಅವನು ದೇವದೂತನ ಕೆಲಸ ಬಿಟ್ಟು ಮನುಷ್ಯನಾಗುತ್ತಾನೆ. ಮೇಲಿನಿಂದ ಅವನದೇ ಕವಚ ತಲೆ ಮೇಲೆ ಬೀಳುತ್ತದೆ. ರಕ್ತ ಬರುತ್ತದೆ, ನೆಕ್ಕಿ ನೋಡುತ್ತಾನೆ. ಈಗ ಸಿನಿಮಾಕ್ಕೆ ಬಣ್ಣ ಬಂದಿದೆ. ದಾರಿಯಲ್ಲಿ ಹೋಗುವವನನ್ನು ನಿಲ್ಲಿಸಿ ಗೋಡೆಯ ಮೇಲಿನ ಬಣ್ಣಗಳನ್ನು ತೋರಿಸಿ ಇದು ಯಾವುದು, ಅದು ಯಾವುದು ಅಂತ ವಿಚಾರಿಸುತ್ತಾನೆ. ಕಾಫಿ ಕುಡಿಯುತ್ತಾನೆ. ಚಳಿಗೆ ಕೈ ಉಜ್ಜಿಕೊಳ್ಳುತ್ತಾನೆ. ಇದನ್ನೆಲ್ಲ ಬೇರೆ ಯಾರಾದರೂ ಮಾಡಿದ್ದರೆ ಬೆಲ್ಲದ ಪಾಕ ಆಗಿಬಿಡುತ್ತಿತ್ತು. ನಿಜ ಹೇಳಬೇಕಂದರೆ ಸಿನಿಮಾದ ಕೊನೆಯ ಹತ್ತು ನಿಮಿಷದ ಪ್ರೇಮದ ಭಾಷಣ ನನಗೆ ಜಾಸ್ತಿ ಆಯಿತು. ಅವನು ಮೆಚ್ಚಿದ ಹುಡುಗಿ ಮಾತಾಡುತ್ತಲೇ ಇರುತ್ತಾಳೆ. ಆದರೆ ಎದುರಿಗೆ ಗಾಂಟ್ಸ್ ಇದ್ದಾರಲ್ಲ, ಕೇಳಿಸಿಕೊಳ್ಳುತ್ತಾ. ಅವರನ್ನು ನೋಡಿಕೊಂಡು ಆ ಹತ್ತು ನಿಮಿಷ ಕಳೆಯಬಹುದು.

ಆ ಸಿನಿಮಾ ಬಂದಮೇಲೆ ವಿಮಾನದಲ್ಲಿ ಇವರನ್ನು ಕಂಡ ಜನ, ನೀವಿದ್ದೀರಲ್ಲ, ಇನ್ನು ಭಯವಿಲ್ಲ ಅನ್ನುತ್ತಿದ್ದರಂತೆ. ತಾಯಂದಿರು ಮಕ್ಕಳಿಗೆ, ನೋಡು ನಿನ್ನ ಕಾಯುವ ದೇವದೂತ ಅಂತ ತೋರಿಸುತ್ತಿದ್ದರಂತೆ. ತಮಾಷೆಗಲ್ಲ, ನಿಜವಾಗಿ ನಂಬಿ ಹೇಳುತ್ತಿದ್ದರು ಅಂತ ಗಾಂಟ್ಸ್ ಒಂದು ಸಂದರ್ಶನದಲ್ಲಿ ನೆನೆಸಿಕೊಂಡಿದ್ದಾರೆ.

ಉಂಗುರದ ಕತೆ ಹೇಳುತ್ತೇನೆ ಅಂದಿದ್ದೆ. ಜರ್ಮನ್ ರಂಗಭೂಮಿಯಲ್ಲಿ ಇಫ್‌ಲ್ಯಾಂಡ್ ಉಂಗುರ ಅಂತ ಒಂದಿದೆ. ಹಳೆಯ ಕಾಲದ ದೊಡ್ಡ ನಟ ಆಗಸ್ಟ್ ವಿಲ್‌ಹೆಲ್ಮ್ ಇಫ್‌ಲ್ಯಾಂಡ್ ಅವರ ಚಿತ್ರ, ಸುತ್ತ ಸಣ್ಣ ವಜ್ರಗಳು. ಅದನ್ನು ಹಾಕಿಕೊಂಡವರು ಜರ್ಮನ್ ಮಾತಾಡುವ ನಟರಲ್ಲೆಲ್ಲ ಶ್ರೇಷ್ಠರು ಅಂತ ಲೆಕ್ಕ. ಕಮಿಟಿ ಇಲ್ಲ, ವೋಟಿಲ್ಲ. ಹಾಕಿಕೊಂಡವರು ಸಾಯುವ ಮುಂಚೆ ಮುಂದಿನವರ ಹೆಸರು ಬರೆದಿಡಬೇಕು, ಅವರು ತೀರಿಕೊಂಡ ಮೇಲೆ ಕಾಗದ ತೆಗೆದು ನೋಡುತ್ತಾರೆ. ಗಂಡಸರಿಗೆ ಮಾತ್ರ. ಹೆಂಗಸರಿಗೆ ಬೇರೆ ಉಂಗುರ ಮಾಡಿದ್ದು 1970ರ ದಶಕದಲ್ಲಿ, ಅಷ್ಟು ತಡವಾಗಿ.

ಈ ಉಂಗುರಕ್ಕೆ ಒಂದು ಅಪಶಕುನದ ಚರಿತ್ರೆಯೂ ಇದೆ. ಆಲ್ಬರ್ಟ್ ಬಾಸರ್‌ಮನ್ ಅನ್ನುವವರ ಕೈಯಲ್ಲಿದ್ದಾಗ ಅವರು ಒಬ್ಬರಾದ ಮೇಲೊಬ್ಬರಂತೆ ಮೂವರ ಹೆಸರು ಯೋಚಿಸಿದರು. ಮೂವರೂ ಇವರಿಗಿಂತ ಮೊದಲೇ ತೀರಿಕೊಂಡರು. 1935ರಲ್ಲಿ ಮೂರನೆಯವರಾದ ಅಲೆಕ್ಸಾಂಡರ್ ಮೊಯಿಸ್ಸಿ ಸತ್ತಾಗ ಬಾಸರ್‌ಮನ್ ಬೇಸತ್ತು ಉಂಗುರವನ್ನು ಅವರ ಶವಪೆಟ್ಟಿಗೆಯ ಮೇಲಿಟ್ಟರು. ಅಲ್ಲಿಂದ ಯಾರೋ ಎತ್ತಿಟ್ಟುಕೊಂಡದ್ದರಿಂದ ಉಳಿಯಿತು. ಮುಂದೆ ಅದು ಹೋದದ್ದು ವೆರ್ನರ್ ಕ್ರೌಸ್ ಕೈಗೆ. ದೊಡ್ಡ ನಟ, ನಾಜಿ ಕಾಲದಲ್ಲಿ ಯಹೂದಿಗಳ ಮೇಲೆ ವಿಷ ಕಾರುವ ಸಿನಿಮಾದಲ್ಲಿ ನಟಿಸಿದವರು. ಅವರ ನಂತರ ಯೋಸೆಫ್ ಮೈನ್‌ರಾಡ್. 1996ರಲ್ಲಿ ಮೈನ್‌ರಾಡ್ ತೀರಿಕೊಂಡಾಗ ಕಾಗದದಲ್ಲಿ ಇದ್ದ ಹೆಸರು ಬ್ರೂನೊ ಗಾಂಟ್ಸ್.

ಇಫ್‌ಲ್ಯಾಂಡ್ ಹೆಸರು ಮಾಡಿದ್ದು ಯಾವ ಪಾತ್ರದಿಂದ ಗೊತ್ತಾ? 1782ರಲ್ಲಿ ಷಿಲ್ಲರ್‌ನ 'ದರೋಡೆಕೋರರು' ಮೊದಲ ಸಲ ರಂಗಕ್ಕೆ ಬಂದಾಗ ಆಡಿದ ಫ್ರಾಂಟ್ಸ್ ಮೂರ್. ಬ್ರೆಮೆನ್‌ನಲ್ಲಿ ಕಾಮಿಕ್ ಚಿತ್ರದ ಮುಂದೆ ನಿಂತು ಗಾಂಟ್ಸ್ ಆಡಿದ ಅದೇ ಕೇಡಿ ತಮ್ಮ.

2000ದ ಇಸವಿ ಗಾಂಟ್ಸ್ ಪಾಲಿಗೆ ಒಂದು ಕೈಯಲ್ಲಿ ಬೇವು, ಇನ್ನೊಂದರಲ್ಲಿ ಬೆಲ್ಲ. ಹಳೆಯ ಗೆಳೆಯ ಪೀಟರ್ ಸ್ಟೈನ್ ಗಯಟೆಯ 'ಫೌಸ್ಟ್' ನಾಟಕದ ಎರಡೂ ಭಾಗಗಳನ್ನು ಒಂದು ಸಾಲೂ ಬಿಡದೆ ಆಡಿಸಲು ಹೊರಟಿದ್ದರು. 12 ಸಾವಿರಕ್ಕೂ ಜಾಸ್ತಿ ಸಾಲು, ವಿರಾಮಗಳೂ ಸೇರಿ 20 ಗಂಟೆ ಮೀರುವ ನಾಟಕ. ಹ್ಯಾನೋವರ್‌ನ ವಿಶ್ವ ಮೇಳದಲ್ಲಿ ಮೊದಲ ಪ್ರದರ್ಶನ. ಫೌಸ್ಟ್ ಆಗಿ ಗಾಂಟ್ಸ್. ತಾಲೀಮಿನಲ್ಲಿ ಬಿದ್ದು ಪೆಟ್ಟು ಮಾಡಿಕೊಂಡರು. ಮೊದಲ ಪ್ರದರ್ಶನ ಅವರಿಲ್ಲದೇ ನಡೆಯಿತು, ಕಿರಿಯ ಫೌಸ್ಟ್ ಆಗಿದ್ದ ನಟನೇ ಎಲ್ಲವನ್ನೂ ಹೊತ್ತ. ಗಾಯ ಮಾಗಿದ ಮೇಲೆ ಗಾಂಟ್ಸ್ ಸೇರಿಕೊಂಡು ಬರ್ಲಿನ್, ವಿಯೆನ್ನಾಗಳಲ್ಲಿ ಆಡಿದರು.

ಅದೇ ವರ್ಷದ ಬೆಲ್ಲ, ಇಟಾಲಿಯನ್ ಸಿನಿಮಾ 'ಬ್ರೆಡ್ ಅಂಡ್ ಟುಲಿಪ್ಸ್'. ಪ್ರವಾಸದ ಬಸ್ಸು ಬಿಟ್ಟುಹೋದ ಒಬ್ಬ ಗೃಹಿಣಿ ಮನೆಗೆ ಹೋಗುವ ಬದಲು ವೆನಿಸ್‌ಗೆ ಹೋಗಿ ಉಳಿದುಬಿಡುತ್ತಾಳೆ. ಗಾಂಟ್ಸ್ ಅಲ್ಲಿ ಐಸ್‌ಲ್ಯಾಂಡಿನಿಂದ ಬಂದ ಹೋಟೆಲ್ ಮಾಣಿ. ಇಟಾಲಿಯನ್ ಅನ್ನು ಹಳೆಯ ಕಾವ್ಯ ಓದಿ ಕಲಿತವನ ಹಾಗೆ ಮಾತಾಡುತ್ತಾನೆ. ದರ್ಶಿನಿಯಲ್ಲಿ ಒಬ್ಬರು ಬಂದು, 'ತಾವು ಏನನ್ನು ಸೇವಿಸಲು ಬಯಸುವಿರಿ ಮಾನ್ಯರೇ' ಅಂದರೆ ಹೇಗಿರುತ್ತೆ, ಹಾಗೆ. ನಗು ಬರುತ್ತದೆ, ಹಿಂದೆಯೇ ಅಯ್ಯೋ ಪಾಪ ಅನಿಸುತ್ತದೆ. ಅಮ್ಮನ ಭಾಷೆಯಲ್ಲಿ ಮಾಡಿದ ಈ ಪಾತ್ರಕ್ಕೆ ಇಟಲಿಯವರು ತಮ್ಮ ದೊಡ್ಡ ಸಿನಿಮಾ ಪ್ರಶಸ್ತಿಯನ್ನೇ ಕೊಟ್ಟರು. ಇವರ ಸಿನಿಮಾ ಯಾವುದರಿಂದ ಶುರು ಮಾಡಲಿ ಅಂತ ಯಾರಾದರೂ ಕೇಳಿದರೆ ನಾನು ಇದನ್ನೇ ಹೇಳುವುದು.

2004, 'ಡೌನ್‌ಫಾಲ್'. ಹಿಟ್ಲರ್‌ನ ಕೊನೆಯ ದಿನಗಳು. ಗಾಂಟ್ಸ್ ಈ ಪಾತ್ರಕ್ಕೆ ತಯಾರಾದ ರೀತಿಯಲ್ಲೂ ಕಿವಿಯದೇ ಕೆಲಸ. ಹಿಟ್ಲರ್‌ನ ಭಾಷಣಗಳು ಬೇಕಾದಷ್ಟಿವೆ, ಅವನ ಕಿರುಚಾಟ ಎಲ್ಲರಿಗೂ ಗೊತ್ತು. ಆದರೆ ಮನೆಯಲ್ಲಿ, ಊಟದ ಹೊತ್ತಿನಲ್ಲಿ ಹೇಗೆ ಮಾತಾಡುತ್ತಿದ್ದ? 1942ರ ಜೂನ್ 4ರಂದು ಹಿಟ್ಲರ್ ಫಿನ್ಲೆಂಡಿಗೆ ಹೋಗಿ ಅಲ್ಲಿನ ಸೇನಾಪತಿ ಮ್ಯಾನರ್‌ಹೈಮ್ ಜೊತೆ ರೈಲಿನ ಬೋಗಿಯಲ್ಲಿ ಕೂತಿದ್ದ. ಫಿನ್ಲೆಂಡ್ ರೇಡಿಯೊದ ಎಂಜಿನಿಯರ್ ಒಬ್ಬರು ಅವರಿಗೆ ತಿಳಿಯದ ಹಾಗೆ ಸುಮಾರು 11 ನಿಮಿಷದ ಮಾತನ್ನು ರೆಕಾರ್ಡ್ ಮಾಡಿಬಿಟ್ಟರು. ಅದರಲ್ಲಿ ಗುಡುಗಿಲ್ಲ. ತಗ್ಗಿದ ದನಿಯಲ್ಲಿ ಒಬ್ಬ ನಡುವಯಸ್ಸಿನವನು ತನ್ನ ತಾಪತ್ರಯ ಹೇಳಿಕೊಳ್ಳುತ್ತಿದ್ದಾನೆ. ಕೇಳಿದರೆ ಮೈ ಜುಂ ಅನ್ನುವುದು ಅದಕ್ಕೇ. ಗಾಂಟ್ಸ್ ಆ ರೆಕಾರ್ಡನ್ನು ಮತ್ತೆ ಮತ್ತೆ ಕೇಳಿ ದನಿ ಹಿಡಿದರು. ನಡುಗುವ ಕೈಗಾಗಿ ಒಂದು ಸ್ವಿಸ್ ಆಸ್ಪತ್ರೆಯಲ್ಲಿ ಪಾರ್ಕಿನ್ಸನ್ ರೋಗಿಗಳನ್ನು ಹತ್ತಿರದಿಂದ ನೋಡಿ ಬಂದರು. ಹಿಟ್ಲರನಿಗೂ ನನಗೂ ನಡುವೆ ನನ್ನ ಸ್ವಿಸ್ ಪಾಸ್‌ಪೋರ್ಟ್ ಇಟ್ಟುಕೊಳ್ಳಬಹುದಿತ್ತು ಅನ್ನುವ ಅರ್ಥದಲ್ಲಿ ಆಮೇಲೆ ಹೇಳಿದರು.

ಈಗ ಆ ವಿಡಿಯೊ ಮತ್ತೊಮ್ಮೆ ಹಾಕಿ. ಕೆಳಗಿನ ಅಕ್ಷರ ಓದಬೇಡಿ. ಶುರುವಿನಲ್ಲಿ ಒಬ್ಬ ಅಧಿಕಾರಿ ನಕ್ಷೆಯ ಮೇಲೆ ಬೆರಳಾಡಿಸುತ್ತಾ ರಷ್ಯನ್ನರು ಎಲ್ಲೆಲ್ಲಿ ಬಂದಿದ್ದಾರೆ ಅಂತ ಹೇಳುತ್ತಾನೆ. ಹಿಟ್ಲರ್ ಮೆತ್ತಗೆ, ತನ್ನ ಜನರಲ್ ಸ್ಟೈನರ್ ದಾಳಿ ಮಾಡಿದರೆ ಎಲ್ಲ ಸರಿಹೋಗುತ್ತದೆ ಅನ್ನುತ್ತಾನೆ. ಅಧಿಕಾರಿಗಳು ಮುಖ ಮುಖ ನೋಡಿಕೊಳ್ಳುತ್ತಾರೆ. ಒಬ್ಬ ತಡವರಿಸುತ್ತಾನೆ, ಇನ್ನೊಬ್ಬ ವಾಕ್ಯ ಮುಗಿಸುತ್ತಾನೆ: ಸ್ಟೈನರ್ ಕೈಯಲ್ಲಿ ಸಾಕಷ್ಟು ಸೈನ್ಯ ಇಲ್ಲ, ದಾಳಿ ಆಗಲೇ ಇಲ್ಲ. ಆಮೇಲೆ ಯಾರೂ ಮಾತಾಡುವುದಿಲ್ಲ. ಗಾಂಟ್ಸ್ ಕೂತಲ್ಲೇ ಕೂತು ಆ ಮಾತನ್ನು ಒಳಗೆ ಇಳಿಸಿಕೊಳ್ಳುತ್ತಾರೆ. ನಡುಗುವ ಕೈಯಲ್ಲಿ ನಿಧಾನಕ್ಕೆ ಕನ್ನಡಕ ತೆಗೆಯುತ್ತಾರೆ. ಯಾರು ಯಾರು ಉಳಿಯಬೇಕು ಅಂತ ಇನ್ನೂ ಮೆತ್ತಗೆ ಹೆಸರು ಹೇಳುತ್ತಾರೆ. ಕೂಗು ಬರುವುದು ಅದಾದ ಮೇಲೆ. ತಮಾಷೆ ಮಾಡುವವರಿಗೂ ಕೆಲಸಕ್ಕೆ ಬರುವುದು ಈ ಮೌನವೇ. ಇದಿಲ್ಲದಿದ್ದರೆ ಆ ಕೂಗಿಗೆ ಯಾರೂ ನಗುತ್ತಿರಲಿಲ್ಲ. ಹಾಂ, ಕೂಗುತ್ತಾ ಒಂದು ಕಡೆ ಪೆನ್ಸಿಲನ್ನು ನಕ್ಷೆಯ ಮೇಲೆ ಎಸೆಯುತ್ತಾರೆ. ಗ್ರಂಥಾಲಯದಲ್ಲಿ ಎತ್ತಲಾಗದ ಪೆನ್ಸಿಲ್ ನೆನಪಾಗಿ ನನಗೆ ಒಂದು ಕ್ಷಣ ಏನೋ ಆಯಿತು.

ಸಿನಿಮಾ ಬಂದಾಗ ಜರ್ಮನಿಯಲ್ಲಿ ಜಗಳ ಜೋರಾಯಿತು. ಅವನನ್ನು ಮನುಷ್ಯನಾಗಿ ತೋರಿಸಬಹುದಾ ಅಂತ. ಪತ್ರಿಕೆಯಲ್ಲಿ ಕಟುವಾಗಿ ಬರೆದವರಲ್ಲಿ ವಿಮ್ ವೆಂಡರ್ಸ್ ಕೂಡ ಇದ್ದರು, ಗಾಂಟ್ಸ್‌ಗೆ ರೆಕ್ಕೆ ಕಟ್ಟಿದವರೇ. ಅಷ್ಟು ಸಾವುಗಳನ್ನು ತೋರಿಸುವ ಸಿನಿಮಾ ಹಿಟ್ಲರ್‌ನ ಸಾವನ್ನು ಮಾತ್ರ ಯಾಕೆ ಬಾಗಿಲ ಹಿಂದೆ ಮುಚ್ಚಿಡುತ್ತದೆ ಅಂತ ಅವರ ತಕರಾರು. ನನಗೆ ಅದು ಸರಿ ಅನಿಸುತ್ತದೆ. ಸಿನಿಮಾ ಅಲ್ಲಿ ಸ್ವಲ್ಪ ಮರ್ಯಾದೆ ಜಾಸ್ತಿ ಕೊಟ್ಟಿತು. ನಟನ ತಪ್ಪಲ್ಲ ಅದು. ಇನ್ನು ಇಂಟರ್ನೆಟ್ಟಿನ ತಮಾಷೆ ವಿಡಿಯೊಗಳು, ಸಾವಿರಗಟ್ಟಲೆ. 2010ರಲ್ಲಿ ನಿರ್ಮಾಣ ಸಂಸ್ಥೆ ಅವನ್ನು ತೆಗೆಸಲು ನೋಡಿತು, ಆಗಲಿಲ್ಲ. ನಿರ್ದೇಶಕರು ತಾವೂ ಅವನ್ನು ನೋಡಿ ನಗುತ್ತೇನೆ ಅಂದರು.

'ಡೌನ್‌ಫಾಲ್' ಆದಮೇಲೂ ಗಾಂಟ್ಸ್ ಸುಮಾರು ಹದಿನಾಲ್ಕು ವರ್ಷ ದುಡಿದರು. 2015ರಲ್ಲಿ 'ಹೈಡಿ' ಅನ್ನುವ ಮಕ್ಕಳ ಸಿನಿಮಾದಲ್ಲಿ ಆ ಹುಡುಗಿಯ ಅಜ್ಜನಾದರು. ಬೆಟ್ಟದ ಮೇಲಿನ ಗುಡಿಸಲು, ಮೇಕೆ, ಮಾತಿಲ್ಲದ ಮುದುಕ, ಬಾಯಿ ಮುಚ್ಚದ ಹುಡುಗಿ. ಸ್ವಿಸ್ ಮಕ್ಕಳಿಗೆ ಹಿಟ್ಲರೂ ಗೊತ್ತಿಲ್ಲ, ದೇವದೂತನೂ ಗೊತ್ತಿಲ್ಲ, ಅವರ ಪಾಲಿಗೆ ಇವರು ಅಜ್ಜ. 2018ರ ಬೇಸಿಗೆಯಲ್ಲಿ ಸಾಲ್ಸ್‌ಬರ್ಗ್‌ನಲ್ಲಿ ಮೊಜಾರ್ಟ್‌ನ ಒಪೆರಾಗೆ ಕತೆ ಹೇಳುವ ಅಜ್ಜನಾಗಿ ಬರಬೇಕಿತ್ತು. ಅಷ್ಟರಲ್ಲಿ ಕ್ಯಾನ್ಸರ್ ಗೊತ್ತಾಗಿ ಹಿಂದೆ ಸರಿದರು. 2019ರ ಫೆಬ್ರವರಿ 16ರಂದು ತೀರಿಕೊಂಡಾಗ 77 ವರ್ಷ. ಉಂಗುರ ಗೆರ್ಟ್ ಫೋಸ್ ಎಂಬ ನಟನಿಗೆ ಹೋಗಬೇಕು ಅಂತ ಅವರು ಮೊದಲು ಅಂದುಕೊಂಡಿದ್ದರು. ಫೋಸ್ 2014ರಲ್ಲೇ ತೀರಿಕೊಂಡರು. ಹಳೇ ಚಾಳಿ, ಉಂಗುರದ್ದು. ಕಾಗದ ಬಿಚ್ಚಿದಾಗ ಇದ್ದದ್ದು ಯೆನ್ಸ್ ಹಾರ್ಟ್ಸರ್ ಹೆಸರು.

ಅವರು ಹೋದ ಮೂರು ತಿಂಗಳಿಗೆ, ಕಾನ್ ಚಿತ್ರೋತ್ಸವದಲ್ಲಿ 'ಎ ಹಿಡನ್ ಲೈಫ್' ತೆರೆಗೆ ಬಂತು. ಹಿಟ್ಲರ್ ಹೆಸರಿನಲ್ಲಿ ಪ್ರತಿಜ್ಞೆ ಮಾಡಲಾರೆ ಅಂತ ನಿಂತು 1943ರಲ್ಲಿ ತಲೆ ಕೊಟ್ಟ ಆಸ್ಟ್ರಿಯಾದ ರೈತ ಫ್ರಾಂಟ್ಸ್ ಯೇಗರ್‌ಸ್ಟೆಟರ್‌ನ ಕತೆ. ಗಾಂಟ್ಸ್ ಅದರಲ್ಲಿ ಮರಣದಂಡನೆ ಕೊಡುವ ಮಿಲಿಟರಿ ಕೋರ್ಟಿನ ಜಡ್ಜ್. ಸಣ್ಣ ಪಾತ್ರ. ವಿಚಾರಣೆಯ ನಡುವೆ ಆ ರೈತನನ್ನು ಒಬ್ಬನೇ ಒಳಗೆ ಕರೆಸಿ ಕೂರಿಸಿಕೊಳ್ಳುತ್ತಾರೆ.

ನಮ್ಮ ಭಾಷೆಯಲ್ಲಿ ಕೇಳುವುದು ಅಂದರೆ ಎರಡು ಕೆಲಸ. ಕಿವಿಗೊಡುವುದೂ ಕೇಳುವುದೇ, ಪ್ರಶ್ನೆ ಹಾಕುವುದೂ ಕೇಳುವುದೇ. ಆ ಕೋಣೆಯಲ್ಲಿ ಎರಡೂ ಒಟ್ಟಿಗೆ ನಡೆಯುತ್ತವೆ. ನೀನು ನನ್ನ ತೀರ್ಪು ಮಾಡುತ್ತಿದ್ದೀಯಾ ಅಂತ ಜಡ್ಜ್ ಕೇಳುತ್ತಾರೆ. ಇಲ್ಲ ಅನ್ನುತ್ತಾನೆ ರೈತ, ಎಲ್ಲ ನನಗೆ ಗೊತ್ತಿಲ್ಲ, ಆದರೆ ತಪ್ಪು ಅನಿಸಿದ್ದನ್ನು ಮಾಡಲಾರೆ. ಅವನನ್ನು ಕರೆದುಕೊಂಡು ಹೋಗುತ್ತಾರೆ. ಕೋಣೆ ಖಾಲಿ. ಜಡ್ಜ್ ಆ ಖಾಲಿ ಕುರ್ಚಿಯನ್ನು ನೋಡುತ್ತಾರೆ. ಹೋಗಿ ಅದರಲ್ಲಿ ಕೂರುತ್ತಾರೆ, ಅವನು ಕೂತಿದ್ದ ಹಾಗೆಯೇ, ಎರಡೂ ಕೈ ಮಂಡಿಯ ಮೇಲಿಟ್ಟುಕೊಂಡು.